ಕಳ್ಳನ ಹೆಜ್ಜೆ ಗುಡಿಸಿ ಹಾಕಿದವರಿಗೆ

ನಾನು ಬೆರಳಚ್ಚುಗಾರ್ತಿ. ಹದಿನೆಂಟು ವರ್ಷದಿಂದ ಒಬ್ಬ ಕ್ರಿಮಿನಲ್ ವಕೀಲರ ಆಫೀಸಲ್ಲಿ ಕೀಬೋರ್ಡ್ ಕುಟ್ಟುತ್ತಾ ಇದ್ದೀನಿ. ನಮ್ಮ ಮನೆಗೇ ಕಳ್ಳ ನುಗ್ಗಿದಾಗ ಬೇಕಾಗಿದ್ದು ಇನ್ನೊಂದು ಥರದ ಬೆರಳಚ್ಚು. ಅದನ್ನ ಉಳಿಸಿಕೊಳ್ಳೋಕೆ ನನ್ನ ಕೈಲಿ ಆಗಲಿಲ್ಲ. ತಿಂಗಳಾದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ. ಊರು, ಠಾಣೆ ಹೆಸರು ಹಾಕಲ್ಲ. ಅದೇ ಠಾಣೆಗೆ ನಾಳೆ ಮತ್ತೆ ಹೋಗಬೇಕು.

ತಂಗಿ ಮನೆ ಗೃಹಪ್ರವೇಶ ಅಂತ ಎರಡು ದಿನ ತಿಪಟೂರಿಗೆ ಹೋಗಿದ್ವಿ. ಸೋಮವಾರ ಬೆಳಗ್ಗೆ ಆರೂವರೆಗೆ ಬಂದು ನೋಡಿದ್ರೆ ಹಿತ್ತಲ ಬಾಗಿಲಿನ ಬೋಲ್ಟು ಬಾಗಿ ನೇತಾಡ್ತಿತ್ತು. ಒಳಗೆ ಬೀರು ಬಾಯಿ ತೆರೆದಿತ್ತು, ಬಟ್ಟೆಯೆಲ್ಲ ನೆಲದ ಮೇಲೆ. ಅತ್ತೆಯವರ ಎರಡೆಳೆ ಸರ, ನನ್ನ ಒಂದು ಜೊತೆ ಬಳೆ, ದೇವರ ಮನೆಯ ಬೆಳ್ಳಿ ದೀಪ, ಚೀಟಿಗೆ ಕಟ್ಟೋಕೆ ಇಟ್ಟಿದ್ದ 18 ಸಾವಿರ, ಎಲ್ಲ ಹೋಗಿತ್ತು. ಹೆಂಗಸರು ಚಿನ್ನ ಹಿಟ್ಟಿನ ಡಬ್ಬಿಯಲ್ಲಿ ಹುದುಗಿಸಿ ಇಡ್ತಾರೆ ಅನ್ನೋದು ಕಳ್ಳರಿಗೂ ಗೊತ್ತು. ರಾಗಿ ಹಿಟ್ಟಿನ ಡಬ್ಬಿಯನ್ನ ಅಡುಗೆಮನೆ ನೆಲಕ್ಕೆ ಕವುಚಿ ಹಾಕಿದ್ದ.

ಆ ಹಿಟ್ಟಿನ ಮೇಲೆ, ಹಿತ್ತಲ ಕಡೆ ಮುಖ ಮಾಡಿ, ಬಲಗಾಲಿನ ಶೂ ಗುರುತು ಒಂದು ಅಚ್ಚು ಒತ್ತಿದ ಹಾಗೆ ಕೂತಿತ್ತು. ಹಿಮ್ಮಡಿ ಹತ್ತಿರ ಅಡ್ಡ ಗೆರೆಗಳು, ಮುಂದೆ ಜೇನುಗೂಡಿನ ಥರ ಆರು ಮೂಲೆಯ ಕೋಣೆಗಳು, ಹೆಬ್ಬೆರಳಿನ ಕೆಳಗೆ ಒಂದು ಜಾಗ ಸವೆದು ನುಣ್ಣಗಾಗಿತ್ತು. ಆ ನುಣ್ಣಗಿನ ಜಾಗ ನೋಡಿ ನನ್ನ ಎದೆ ಹೊಡ್ಕೊಂಡಿತು. ಒಂದೇ ಮಾಡೆಲ್ ಶೂ ಊರಲ್ಲಿ ಐನೂರು ಜನ ಹಾಕ್ಕೊಂಡಿರಬಹುದು, ಆದರೆ ಐನೂರು ಜನ ಒಂದೇ ಥರ ಸವೆಸಲ್ಲ. ಇಷ್ಟು ನನಗೆ ಗೊತ್ತು, ಯಾಕಂದ್ರೆ ಇಂಥದ್ದನ್ನ ಟೈಪ್ ಮಾಡಿ ಮಾಡಿಯೇ ನನ್ನ ಕಣ್ಣು ಹೋಗಿರೋದು.

ಹಿತ್ತಲ ಮೆಟ್ಟಿಲ ಹತ್ತಿರ ಒಂದು ಕಬ್ಬಿಣದ ರಾಡೂ ಬಿದ್ದಿತ್ತು. ಬಾಗಿಲ ಹಸಿರು ಬಣ್ಣ ಅದರ ತುದಿಗೆ ಮೆತ್ತಿಕೊಂಡಿತ್ತು.

ಯಾರೂ ಏನೂ ಮುಟ್ಟಬೇಡಿ ಅಂತ ಕಿರುಚಿದೆ. ನಮ್ಮೆಜಮಾನ್ರು ಅಷ್ಟರಲ್ಲಿ ಬೀರುವಿನ ಬಾಗಿಲು ಹಿಡಿದು ಎರಡು ಸಲ ತೆಗೆದು ಹಾಕಿ ಆಗಿತ್ತು. ಹೋಗಲಿ, ಗಾಬರಿ. ಮಗನ ಜಾಮಿಟ್ರಿ ಬಾಕ್ಸಿಂದ ಸ್ಕೇಲ್ ತಂದು ಹೆಜ್ಜೆ ಪಕ್ಕ ಇಟ್ಟು, ಮೊಬೈಲನ್ನ ನೇರ ಮೇಲಿಂದ ಹಿಡಿದು ಆರು ಫೋಟೊ ತೆಗೆದೆ. ಟಾರ್ಚನ್ನ ಪಕ್ಕದಿಂದ, ನೆಲಮಟ್ಟದಲ್ಲಿ ಬಿಟ್ಟೆ, ಹಾಗೆ ಬಿಟ್ರೆ ಗೆರೆಗಳ ನೆರಳು ಬಿದ್ದು ಎದ್ದು ಕಾಣುತ್ತೆ. ಆಮೇಲೆ ತರಕಾರಿ ಕ್ರೇಟನ್ನ ಬೋರಲು ಹಾಕಿ ಅದರ ಮೇಲೆ ಮುಚ್ಚಿದೆ. 112ಕ್ಕೆ ಫೋನ್ ಮಾಡಿದೆ.

ಪೊಲೀಸರು ಬರೋ ಮುಂಚೆ ಬಂದಿದ್ದು ಬೀದಿಯವರು. ನಮ್ಮ ಕಡೆ ಕಳ್ಳತನ ಆದ ಮನೆಗೆ ಬರದೇ ಇದ್ದರೆ ಸಾವಿನ ಮನೆಗೆ ಬರದೇ ಇದ್ದ ಹಾಗೆ. ಪಕ್ಕದ ಮನೆ ಆಂಟಿ, ಅವರ ಸೊಸೆ, ಹಾಲಿನವನು, ವಾಟರ್ ಕ್ಯಾನ್ ಹುಡುಗ, ಎದುರುಮನೆ ನಿವೃತ್ತ ಮೇಷ್ಟ್ರು. ಬಂದೋರೆಲ್ಲ ಬೀರು ಮುಟ್ಟಿ ನೋಡಿ ‘ಇಲ್ಲಿಂದಲೇ ಮೀಟಿದ್ದಾನೆ ನೋಡಿ’ ಅಂತ ಬೆರಳಿಟ್ಟು ತೋರಿಸೋರು. ಬೆರಳಿಟ್ಟೇ ತೋರಿಸಬೇಕಾ ರೀ? ಬಾಯಲ್ಲಿ ಹೇಳಿದ್ರೆ ಸಾಲಲ್ವಾ? ನಾನು ಬಾಗಿಲಿಗೆ ಅಡ್ಡ ನಿಂತರೆ, ‘ಅಯ್ಯೋ ಪಾಪ, ಶಾಕ್ ಆಗಿದೆ ಅವಳಿಗೆ, ಕಾಫಿ ಕೊಡಿ’ ಅಂದರು.

ಹತ್ತು ಗಂಟೆ ಹೊತ್ತಿಗೆ ಒಬ್ಬ ದಫೇದಾರರು, ಒಬ್ಬ ಪಿಸಿ, ಅಂದ್ರೆ ಕಾನ್‌ಸ್ಟೇಬಲ್, ಬಂದರು. ಅಬ್ಬ, ಈಗ ಎಲ್ಲರನ್ನೂ ಆಚೆ ಕಳಿಸ್ತಾರೆ, ಬಾಗಿಲಿಗೆ ಹಗ್ಗ ಕಟ್ತಾರೆ ಅಂದ್ಕೊಂಡೆ. ದಫೇದಾರರು ನೇರ ಹಿತ್ತಲಿಗೆ ಹೋದವರೇ ರಾಡನ್ನ ಬರಿಗೈಯಲ್ಲಿ ಎತ್ತಿ, ತೂಕ ನೋಡೋ ಥರ ಎರಡು ಸಲ ಅಲ್ಲಾಡಿಸಿ, ‘ಹೂಂ, ಇದರಲ್ಲೇ ಮೀಟಿರೋದು’ ಅಂದರು. ‘ಸರ್, ಗ್ಲೌಸ್’ ಅಂದೆ. ‘ಮೇಡಂ, ನೀವು ಸೀರಿಯಲ್ ಜಾಸ್ತಿ ನೋಡ್ತೀರ’ ಅಂದರು. ಆಮೇಲೆ ಒಂದು ಕವರ್ ಇದ್ರೆ ಕೊಡಿ ಅಂದರು. ನಾನೇ, ಈ ಕೈಯಾರೆ, ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್ ತಂದು ಕೊಟ್ಟೆ. ಅದರಲ್ಲಿ ರಾಡ್ ಹಾಕಿ ಬೈಕಿನ ಹ್ಯಾಂಡಲ್‌ಗೆ ನೇತು ಹಾಕಿದರು. ಸೀಲಿಲ್ಲ, ಅರಗಿಲ್ಲ, ಚೀಟಿಯಿಲ್ಲ. ಮಂಜಲ್ಲಿ ನೆಂದ ಕಬ್ಬಿಣವನ್ನ ಪ್ಲಾಸ್ಟಿಕ್ಕಿಗೆ ಹಾಕಿದ್ರೆ ಒಳಗೇ ಬೆವರುತ್ತೆ. ಒದ್ದೆ ಇರೋದನ್ನ ಆರಿಸಿ ಕಾಗದದ ಲಕೋಟೆಗೆ ಹಾಕಬೇಕು ಅನ್ನೋದು ತನಿಖೆಯ ಅ ಆ ಇ ಈ.

ಆಮೇಲೆ ಅಡುಗೆಮನೆ. ‘ಇದೇನಮ್ಮ ದಾರಿಲಿ’ ಅಂತ ಪಿಸಿ ಕ್ರೇಟನ್ನ ಬೂಟುಗಾಲಲ್ಲಿ ಪಕ್ಕಕ್ಕೆ ಸರಿಸಿದ. ಕ್ರೇಟಿನ ಅಂಚು ಹೆಜ್ಜೆಯ ಮಧ್ಯಕ್ಕೇ ಗೀರಿಕೊಂಡು ಹೋಯಿತು. ನಾನು ಹಾ ಹಾ ಅನ್ನೋಷ್ಟರಲ್ಲಿ ದಫೇದಾರರು, ‘ಹಿಟ್ಟು ಜಾರುತ್ತೆ, ಗುಡಿಸಿಬಿಡಿ’ ಅಂದರು. ಪಕ್ಕದ ಮನೆ ಆಂಟಿಗೆ ಅಷ್ಟೇ ಸಾಕಾಗಿತ್ತು. ಪೊರಕೆ ಎಲ್ಲಿರುತ್ತೆ ಅಂತ ನನಗಿಂತ ಚೆನ್ನಾಗಿ ಅವರಿಗೆ ಗೊತ್ತು. ಎರಡು ನಿಮಿಷದಲ್ಲಿ ನಮ್ಮ ಕಳ್ಳನ ಬಲಗಾಲು ಮೊರದಲ್ಲಿತ್ತು. ‘ರಾಗಿ ಶುದ್ಧವಾಗಿದೆ, ಜರಡಿ ಹಿಡಿದ್ರೆ ಹಸುಗೆ ಹಾಕಬಹುದು’ ಅಂದರು, ಪಾಪ, ಒಳ್ಳೆ ಮನಸ್ಸಿಂದಲೇ. ಅವರನ್ನ ಬೈಯೋಕೂ ಆಗಲ್ಲ, ಮಧ್ಯಾಹ್ನದ ಊಟ ಅವರ ಮನೆಯಿಂದಲೇ ಬಂತು.

1910ರಲ್ಲಿ ಫ್ರಾನ್ಸಿನ ಲಿಯಾನ್ ಊರಲ್ಲಿ ಎಡ್ಮಂಡ್ ಲೊಕಾರ್ಡ್ ಅನ್ನೋರು ಅಟ್ಟದ ಮೇಲಿನ ಕೋಣೆಯಲ್ಲಿ ಪೊಲೀಸ್ ಪ್ರಯೋಗಾಲಯ ಶುರು ಮಾಡಿದ್ದು. ಎರಡು ವಸ್ತು ತಾಕಿದ್ರೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಅಂಟೇ ಅಂಟುತ್ತೆ ಅನ್ನೋ ಸೂತ್ರ ಅವರ ಹೆಸರಲ್ಲೇ ಇರೋದು. ಆ ಲೆಕ್ಕದಲ್ಲಿ ಕಳ್ಳನ ಶೂ ಸಂದಿಯಲ್ಲಿ ನಮ್ಮನೆ ರಾಗಿ ಹಿಟ್ಟು ಇರಬೇಕು. ಈಗ ಆ ಪಿಸಿ ಬೂಟಲ್ಲೂ ಇದೆ, ಠಾಣೆ ಮೆಟ್ಟಿಲ ಮೇಲೂ ಇದೆ. ನಾಳೆ ಯಾವನನ್ನಾದರೂ ಹಿಡಿದು ತಂದು ಅವನ ಶೂನಲ್ಲಿ ಹಿಟ್ಟು ಸಿಕ್ಕಿತು ಅಂದ್ರೆ, ನಮ್ಮ ಸೀನಿಯರ್ ಥರದ ವಕೀಲರು ಒಂದೇ ಪ್ರಶ್ನೆ ಕೇಳ್ತಾರೆ: ‘ಠಾಣೆಗೆ ಬಂದ ಮೇಲೆ ಅಂಟಿದ್ದಲ್ಲ ಅಂತ ಹೇಗೆ ಹೇಳ್ತೀರಿ?’ ಮುಗೀತು.

ಇಲ್ಲೇ ನೋಡಿ ನನ್ನ ಹೊಟ್ಟೆ ಉರಿಯೋದು. ಹದಿನೆಂಟು ವರ್ಷ ನಾನು ಉಂಡಿರೋದು ಇಂಥ ತಪ್ಪುಗಳ ಅನ್ನ. ‘ಎಂ.ಒ. 1ನ್ನು ಸ್ಥಳದಲ್ಲಿ ಸೀಲು ಮಾಡಿರುವುದಿಲ್ಲ’, ‘ಪಂಚರು ಪ್ರತಿಕೂಲ ಸಾಕ್ಷಿ ನುಡಿದಿರುತ್ತಾರೆ’, ‘ಮುದ್ದೆಮಾಲು ಯಾರ ವಶದಲ್ಲಿತ್ತು ಎಂಬುದಕ್ಕೆ ದಾಖಲೆ ಇರುವುದಿಲ್ಲ’. ಎಂ.ಒ., ಮುದ್ದೆಮಾಲು ಅಂದ್ರೆ ಕೇಸಿಗೆ ಜಪ್ತಿ ಮಾಡಿದ ವಸ್ತು, ಪಂಚರು ಅಂದ್ರೆ ಆ ಜಪ್ತಿಗೆ ಸಾಕ್ಷಿಯಾಗಿ ನಿಲ್ಲೋರು. ಈ ಸಾಲುಗಳನ್ನ ಕಣ್ಣು ಮುಚ್ಚಿ ಟೈಪ್ ಮಾಡ್ತೀನಿ. ಪಾಟೀಸವಾಲಿನಲ್ಲಿ ನಮ್ಮ ಸೀನಿಯರ್ ತನಿಖಾಧಿಕಾರಿಯನ್ನ ನಿಲ್ಲಿಸಿಕೊಂಡು ಬೆವರಿಳಿಸೋದು, ಸಂಶಯದ ಲಾಭ ಕೊಟ್ಟು ಆರೋಪಿ ಖುಲಾಸೆ, ಸಂಜೆ ಆಫೀಸಿಗೆ ಮೈಸೂರ್ ಪಾಕ್. ನಾನೂ ತಿಂದಿದ್ದೀನಿ. ಅದು ತಪ್ಪು ಅಂತಲೂ ಹೇಳ್ತಿಲ್ಲ. ಸಾಕ್ಷ್ಯ ಸರಿ ಇಲ್ಲದೆ ಯಾರನ್ನೋ ಒಳಗೆ ಹಾಕೋದು ಇನ್ನೂ ದೊಡ್ಡ ಅನ್ಯಾಯ. ಆದರೆ ಆ ಸಾಲುಗಳು ಹುಟ್ಟೋ ಜಾಗ ಹೇಗಿರುತ್ತೆ ಅಂತ ನಮ್ಮನೆ ಅಡುಗೆಮನೆಯಲ್ಲಿ ನಿಂತು ನೋಡಿದ್ದು ಇದೇ ಮೊದಲು.

ಕಾನೂನು ಇಲ್ವಾ ಅಂದ್ರೆ ಬೇಕಾದಷ್ಟಿದೆ. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಿದೆ. ಶೋಧ, ಜಪ್ತಿ ಎಲ್ಲವನ್ನೂ ಆಡಿಯೊ ವಿಡಿಯೊ ಮಾಡಬೇಕು ಅನ್ನುತ್ತೆ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ. ಅದಕ್ಕೆ ಅಂತಲೇ ಇ-ಸಾಕ್ಷ್ಯ ಅನ್ನೋ ಆ್ಯಪ್ ಇದೆ. ಏಳು ವರ್ಷ ಅಥವಾ ಮೇಲ್ಪಟ್ಟು ಶಿಕ್ಷೆ ಇರೋ ಅಪರಾಧಕ್ಕೆ ವಿಧಿವಿಜ್ಞಾನ ತಜ್ಞರೇ ಸ್ಥಳಕ್ಕೆ ಬರಬೇಕು ಅನ್ನುತ್ತೆ 176(3). ವಾಸದ ಮನೆಯ ಕಳ್ಳತನಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ, ರಾತ್ರಿ ಬಾಗಿಲು ಮುರಿದು ನುಗ್ಗಿ ಕದ್ದಿದ್ದಕ್ಕೆ ಹದಿನಾಲ್ಕರವರೆಗೂ ಇದೆ. ಆದರೆ ಆ ತಜ್ಞರ ಕಲಂ ಜಾರಿಗೆ ತರೋಕೆ ರಾಜ್ಯಗಳಿಗೆ ಐದು ವರ್ಷದ ಅವಕಾಶ ಅಂತ ಅದರಲ್ಲೇ ಒಂದು ಬಾಲ ಕಟ್ಟಿದ್ದಾರೆ. ನಮ್ಮ ಕಳ್ಳ ಐದು ವರ್ಷ ಕಾಯಲಿಲ್ಲ. ವಿಡಿಯೊ ಯಾಕೆ ಮಾಡಲ್ಲ ಅಂತ ಕೇಳಿದ್ದಕ್ಕೆ ಪಿಸಿ ಮೊಬೈಲ್ ಮೇಲೆತ್ತಿ ತೋರಿಸಿ ‘ನೆಟ್‌ವರ್ಕ್ ಇಲ್ಲ ಮೇಡಂ’ ಅಂದ. ಅದೇ ಮೊಬೈಲಲ್ಲಿ ಐದು ನಿಮಿಷ ಮುಂಚೆ ಯಾರಿಗೋ ರೀಲ್ಸ್ ಕಳಿಸ್ತಿದ್ದ.

ಬೆರಳಚ್ಚು ತಜ್ಞರು ಬಂದಿದ್ದು ಮಾರನೇ ದಿನ ಸಾಯಂಕಾಲ ನಾಲ್ಕಕ್ಕೆ. ಇಷ್ಟೂ ಕಥೆಯಲ್ಲಿ ನನಗೆ ಗೌರವ ಬಂದಿದ್ದು ಅವರೊಬ್ಬರ ಮೇಲೆ. ಕೈಗೆ ಗ್ಲೌಸ್ ಹಾಕಿಕೊಂಡು, ಬೀರುವಿನ ಬಾಗಿಲಿಗೆ ಓರೆಯಾಗಿ ಟಾರ್ಚ್ ಬಿಟ್ಟು, ಅಳಿಲು ಬಾಲದಂಥ ಬ್ರಷ್ಷಿನಿಂದ ಪುಡಿಯನ್ನ ಮೆಲ್ಲಗೆ ತಿರುಗಿಸುತ್ತಾ ಹೋದರು. ಬೆರಳಿನ ಏಣುಗಳಲ್ಲಿರೋ ಬೆವರು, ಎಣ್ಣೆ ಜಿಡ್ಡಿಗೆ ಪುಡಿ ಕಚ್ಚಿಕೊಂಡು ಸುಳಿಗಳು ಎದ್ದು ಬರ್ತಿದ್ವು, ಒಂದರ ಮೇಲೊಂದು, ಬಸ್‌ಸ್ಟ್ಯಾಂಡ್ ಗೋಡೆ ಮೇಲಿನ ಪೋಸ್ಟರ್ ಥರ. ‘ಎಷ್ಟು ಜನ ಮುಟ್ಟಿದ್ದಾರೆ?’ ಅಂದರು. ನಾನು ಬೆರಳು ಮಡಚಿ ಎಣಿಸಿದೆ, ಹನ್ನೊಂದು. ಅವರು ಬ್ರಷ್ ಕೆಳಗಿಟ್ಟು, ‘ಒಂದು ಟವೆಲ್ ಹಾಕಿ ಮುಚ್ಚಿ ಬಾಗಿಲು ಹಾಕಿಕೊಂಡಿದ್ರೂ ಸಾಕಿತ್ತಮ್ಮ’ ಅಂದರು. ಮನೆಯವರದ್ದನ್ನ ಬೇರೆ ಮಾಡೋಕೆ ನಮ್ಮೆಲ್ಲರ ಹತ್ತೂ ಬೆರಳಿನ ಅಚ್ಚು ತಗೊಂಡರು. ದಫೇದಾರರದ್ದೂ ತಗೊಳ್ಳಿ ಅಂದೆ. ನಕ್ಕರು, ತಗೊಳ್ಳಲಿಲ್ಲ.

ಇದು ಎಲ್ಲಿಂದಲೋ ಬಂದ ವಿದ್ಯೆಯಲ್ಲ, ಅದಕ್ಕೆ ಇನ್ನಷ್ಟು ಸಂಕಟ. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೊ ಶುರುವಾಗಿದ್ದು 1897ರಲ್ಲಿ, ನಮ್ಮ ಕಲ್ಕತ್ತಾದಲ್ಲಿ. ಅಚ್ಚುಗಳನ್ನ ವಿಂಗಡಿಸೋ ಲೆಕ್ಕಾಚಾರಕ್ಕೆ ದುಡಿದವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನೋ ಇಬ್ಬರು ಸಬ್ ಇನ್‌ಸ್ಪೆಕ್ಟರ್‌ಗಳು. ಹೆಸರು ಹೋಗಿದ್ದು ಮಾತ್ರ ಸಾಹೇಬರಾದ ಎಡ್ವರ್ಡ್ ಹೆನ್ರಿಗೆ. ಈಗ ದೇಶದ ಬೆರಳಚ್ಚುಗಳನ್ನೆಲ್ಲ ಒಂದೇ ಕಂಪ್ಯೂಟರ್ ಜಾಲದಲ್ಲಿ ಹುಡುಕೋ ನಾಫಿಸ್ ಕೂಡ ಇದೆ. ಇದ್ದು ಏನು ಬಂತು? ಹುಡುಕೋಕೆ ಒಂದು ಸ್ವಚ್ಛ ಅಚ್ಚು ಬೇಕಲ್ಲ. ನಮ್ಮ ಬೀರುವಿನ ಮೇಲೆ ಸ್ಪಷ್ಟವಾಗಿ ಸಿಕ್ಕಿದ್ದು ಎರಡೇ. ನೋಡಿದ್ರೆ ಒಂದು ನಮ್ಮೆಜಮಾನ್ರದ್ದು, ಇನ್ನೊಂದು ವಾಟರ್ ಕ್ಯಾನ್ ಹುಡುಗನದ್ದು. ಆ ಹುಡುಗನನ್ನ ಎರಡು ದಿನ ಠಾಣೆಗೆ ಓಡಾಡಿಸಿದರು. ಅವನು ಬೀರು ಮುಟ್ಟಿದ್ದು ಪೊಲೀಸರು ಬರೋಕೆ ಮುಂಚೆ, ನನ್ನ ಕಣ್ಣೆದುರಿಗೇ ಅಂತ ನಾನು ಹೋಗಿ ಹೇಳಬೇಕಾಯಿತು.

ದೊಡ್ಡ ದೊಡ್ಡ ಕೇಸಲ್ಲೇ ಇದೇ ಹಣೆಬರಹ ಬಿಡಿ. 2008ರ ಮೇ ತಿಂಗಳಲ್ಲಿ ನೊಯಿಡಾದ ಆರುಷಿ ಕೊಲೆ ಆದಾಗ ಮನೆ ತುಂಬ ಜನ, ಕ್ಯಾಮೆರಾದವರು. ಮನೆಗೆಲಸದ ಹೇಮರಾಜನೇ ಕೊಂದು ಓಡಿಹೋದ ಅಂತ ಹುಡುಕ್ತಿದ್ರೆ ಅವನ ಹೆಣ ಅದೇ ಮನೆಯ ತಾರಸಿ ಮೇಲೆ ಮಾರನೇ ದಿನ ಸಿಕ್ಕಿತು. ತಾರಸಿಗೆ ಹೋಗೋ, ಬೀಗ ಹಾಕಿದ್ದ ಒಂದು ಬಾಗಿಲನ್ನ ಮೊದಲ ದಿನವೇ ಒಡೆಸಲಿಲ್ಲ. ಇನ್ನು ನನ್ನ ಎರಡೆಳೆ ಸರ ಯಾವ ಮೂಲೆಗೆ.

ಎದುರಿನ ದಿನಸಿ ಅಂಗಡಿಯ ಸಿಸಿಟಿವಿ ನಮ್ಮ ಗೇಟಿನ ಕಡೆಗೇ ತಿರುಗಿತ್ತು. ಅಂಗಡಿಯವರು ಒಳ್ಳೆಯವರು, ‘ಬಂದು ತಗೊಂಡು ಹೋಗಲಿ ಅಕ್ಕ, ಹತ್ತು ದಿನ ಆದ್ಮೇಲೆ ಅದರ ಮೇಲೇ ಹೊಸದು ಬರ್ಕೊಳ್ಳುತ್ತೆ’ ಅಂತ ಮೊದಲ ದಿನವೇ ಹೇಳಿದ್ರು. ಗಡಿಯಾರ ನಲವತ್ತು ನಿಮಿಷ ಮುಂದಿದೆ ಅಂತಲೂ ಹೇಳಿದ್ರು. ಇದನ್ನ ಬರೆದಿಟ್ಟುಕೊಳ್ಳದಿದ್ದರೆ ಕೋರ್ಟಲ್ಲಿ ಎಲ್ಲ ತಲೆಕೆಳಗಾಗುತ್ತೆ. ನಾನು ದಿನಾ ಠಾಣೆಗೆ ಫೋನ್ ಮಾಡಿದೆ. ಕ್ರೈಂ ಸ್ಟಾಫ್ ಬಂದೋಬಸ್ತಿಗೆ ಹೋಗಿದ್ದಾರೆ, ಸಾಹೇಬರು ಕೋರ್ಟಿಗೆ ಹೋಗಿದ್ದಾರೆ, ಪೆನ್‌ಡ್ರೈವ್ ನೀವೇ ತನ್ನಿ. ತಂದು ಕೊಟ್ಟೆ. ಬಂದಿದ್ದು ಹದಿಮೂರನೇ ದಿನ. ಡಿವಿಆರ್ ತೆಗೆದು ನೋಡಿದ್ರೆ ನಮ್ಮ ಗೇಟಿನ ಮುಂದೆ ಹಸು ಒಂದು ಮೆಲುಕು ಹಾಕ್ತಾ ನಿಂತಿತ್ತು, ಎಲ್ಲ ಆಮೇಲಿನ ದಿನಗಳದ್ದು. ಪೆನ್‌ಡ್ರೈವ್ ಇನ್ನೂ ವಾಪಸ್ ಬಂದಿಲ್ಲ.

ಕೊನೆಗೆ ಉಳಿದಿದ್ದು ನನ್ನ ಮೊಬೈಲಿನ ಆರು ಫೋಟೊ. ‘ವಾಟ್ಸಾಪ್ ಮಾಡಿ’ ಅಂದರು ಠಾಣೆಯಿಂದ. ವಾಟ್ಸಾಪಲ್ಲಿ ಕಳಿಸಿದ್ರೆ ಫೋಟೊ ಕುಗ್ಗುತ್ತೆ, ಯಾವಾಗ ತೆಗೆದಿದ್ದು ಅನ್ನೋ ಒಳಗಿನ ವಿವರ ಹೋಗುತ್ತೆ ಸರ್, ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು, ಫೈಲ್ ಬದಲಾಗಿಲ್ಲ ಅಂತ ತೋರಿಸೋ ಹ್ಯಾಶ್ ಮೌಲ್ಯ ಬರೀಬೇಕು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಿಮಗೆ ಇಷ್ಟೆಲ್ಲ ಗೊತ್ತಿದೆ, ಟೈಪಿಂಗೂ ಬರುತ್ತಂತೆ. ನಮ್ಮ ರೈಟರ್ ರಜೆ. ಆ ಮಹಜರನ್ನ ಒಂಚೂರು ಟೈಪ್ ಮಾಡಿಕೊಡ್ತೀರಾ ಮೇಡಂ?’ ಅಂದರು.

ಮಹಜರು! ಸ್ಥಳದಲ್ಲಿ ಕಂಡಿದ್ದನ್ನ, ಜಪ್ತಿ ಮಾಡಿದ್ದನ್ನ ಪಂಚರ ಮುಂದೆ ಬರೆಯಬೇಕಾದ ದಾಖಲೆ. ಅದರ ಕಥೆ ಕೇಳಿ. ಪಂಚರು ಅಂತ ಹಾಕಿರೋದು ಎದುರುಮನೆ ಮೇಷ್ಟ್ರನ್ನ ಮತ್ತು ಅದೇ ವಾಟರ್ ಕ್ಯಾನ್ ಹುಡುಗನನ್ನ. ಬೆಳಗ್ಗೆ ಪಂಚ, ಮಾರನೇ ದಿನ ಅನುಮಾನಿತ! ಖಾಲಿ ಹಾಳೆಗೆ ಸೈನ್ ಹಾಕಿಸಿಕೊಂಡು, ಬರೆದಿದ್ದು ಠಾಣೆಯಲ್ಲಿ. ನಾನು ಹಟ ಹಿಡಿದು ಓದಿದೆ. ಚೆಕ್ಕುಬಂದಿ ತಪ್ಪು. ನಮ್ಮ ಮನೆ ಪೂರ್ವಕ್ಕೆ ರಸ್ತೆ ಅಂತ ಬರೆದಿದ್ದಾರೆ, ಇರೋದು ಉತ್ತರಕ್ಕೆ. ರಾಡ್ ವಿಷಯಕ್ಕೆ ‘ಒಂದು ಕಬ್ಬಿಣದ ವಸ್ತು’ ಅಂತ ಒಂದೇ ಸಾಲು, ಉದ್ದ ಇಲ್ಲ, ಹಸಿರು ಬಣ್ಣ ಇಲ್ಲ. ರಾಗಿ ಹಿಟ್ಟಿನ ಹೆಜ್ಜೆ ಬಗ್ಗೆ ಒಂದಕ್ಷರ ಇಲ್ಲ. ಕೊನೆಯಲ್ಲಿ ಮಾತ್ರ, ‘ಸ್ಥಳವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ’ ಅಂತ ಎಷ್ಟು ಚೆಂದ ಬರೆದಿದ್ದಾರೆ ಗೊತ್ತಾ.

ನಾನು ಟೈಪ್ ಮಾಡಿಕೊಡಲ್ಲ ಅಂದೆ. ಇವತ್ತು ಬೆಳಗ್ಗೆ ಫೋನ್ ಬಂತು. ಮಹಜರಿನ ಎರಡನೇ ಪುಟದಲ್ಲಿ ವಾಟರ್ ಕ್ಯಾನ್ ಹುಡುಗನ ಸೈನ್ ಬಿಟ್ಟುಹೋಗಿದೆಯಂತೆ. ಆ ಹುಡುಗ ಮರ್ಯಾದೆಗೆ ಅಂಜಿ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಹದಿನೈದು ದಿನ ಆಯಿತು ಅಂದೆ. ‘ಹಾಗಾದ್ರೆ ಯಾರನ್ನಾದ್ರೂ ಕರ್ಕೊಂಡು ಬನ್ನಿ ಮೇಡಂ, ಸೈನ್ ಒಂದಾದ್ರೆ ಆಯಿತು’ ಅಂದರು. ನಾಳೆ ಹನ್ನೊಂದಕ್ಕೆ ಬರಬೇಕಂತೆ. ಆಧಾರ್ ಜೆರಾಕ್ಸ್ ಎರಡು, ಪೆನ್ನು ನಮ್ಮದೇ.