ಕಿಣ್ವ ಇದೆ, ಬೀಗ ಬಿದ್ದಿದೆ

‘ರಕ್ತ ಕ್ಯಾನ್ಸರ್ ಕೋಶಗಳಲ್ಲಿ ಸಾವಿನ ಕಿಣ್ವಗಳೇ ಇರುವುದಿಲ್ಲ, ಹಾಗಾಗಿ ಅವು ಸಾಯುವುದಿಲ್ಲ’ ಎಂದು ಲೇಖನವೊಂದರಲ್ಲಿ ಓದಿದೆ. ಆ ಸಾಲು ಸರಿಯಲ್ಲ. ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತ ಕ್ಯಾನ್ಸರ್ ಆದ ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾವನ್ನೇ (ಸಿಎಲ್‌ಎಲ್) ನೋಡಿ. ಕ್ಯಾಸ್ಪೇಸ್ ಎಂಬ ಆ ಸಾವಿನ ಕಿಣ್ವಗಳು ನಿಷ್ಕ್ರಿಯ ರೂಪದಲ್ಲಿ ಅಲ್ಲೇ ಇರುತ್ತವೆ. ಆದರೆ ಕೋಶದ ಸಾವನ್ನು ತಡೆಯುವ ಬಿಸಿಎಲ್-2 ಪ್ರೋಟೀನು ಅತಿಯಾಗಿರುವುದರಿಂದ, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಹೊರಪೊರೆಯಲ್ಲಿ ತೂತು ಬೀಳುವುದಿಲ್ಲ. ಅದರೊಳಗಿನ ಸೈಟೊಕ್ರೋಮ್ ಸಿ ಎಂಬ ಪ್ರೋಟೀನು ಆ ತೂತಿನಿಂದ ಹೊರಬಂದರಷ್ಟೇ ಕ್ಯಾಸ್ಪೇಸ್-9 ಎಚ್ಚರಗೊಳ್ಳುವುದು, ಅದು ಕ್ಯಾಸ್ಪೇಸ್-3ನ್ನು ಕತ್ತರಿಸಿ ಕೆಲಸಕ್ಕೆ ಹಚ್ಚುವುದು. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವೆನೆಟೊಕ್ಲಾಕ್ಸ್ ಮಾತ್ರೆ ತೆಗೆಯುವುದು ಬಿಸಿಎಲ್-2 ಹಾಕಿದ ಈ ಬೀಗವನ್ನೇ. ಕಿಣ್ವವೇ ಇಲ್ಲದಿದ್ದರೆ ಆ ಮಾತ್ರೆಯಿಂದ ಏನು ಪ್ರಯೋಜನವಿತ್ತು?

ಲೇಖನ ಬಿಟ್ಟಿರುವುದು ಇನ್ನೊಂದು, ಅದೇ ಮುಖ್ಯ. ಈ ಮಾತ್ರೆಯಿಂದ ಕ್ಯಾನ್ಸರ್ ಕೋಶಗಳು ಒಟ್ಟಿಗೆ ಸತ್ತರೆ ಅವುಗಳೊಳಗಿನ ಪೊಟ್ಯಾಸಿಯಂ, ಫಾಸ್ಫೇಟ್ ರಕ್ತಕ್ಕೆ ಸುರಿಯುತ್ತವೆ, ಯೂರಿಕ್ ಆಮ್ಲ ಏರುತ್ತದೆ. ಮೂತ್ರಪಿಂಡ ಕೈಕೊಡಬಹುದು, ಹೃದಯದ ಬಡಿತ ತಪ್ಪಬಹುದು. ಅದಕ್ಕೇ ಸಿಎಲ್‌ಎಲ್‌ನಲ್ಲಿ ಮಾತ್ರೆಯ ಪ್ರಮಾಣವನ್ನು ವಾರಕ್ಕೊಂದು ಮೆಟ್ಟಿಲಿನಂತೆ ದಿನಕ್ಕೆ 20, 50, 100, 200, 400 ಮಿಲಿಗ್ರಾಂ ಎಂದು ಏರಿಸುವುದು. 20 ಮತ್ತು 50ರ ಮೊದಲ ಮಾತ್ರೆಯ ನಂತರ 6–8 ಗಂಟೆಗೆ, ಮತ್ತೆ 24 ಗಂಟೆಗೆ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಶುರುವಿಗೆ ಎರಡು ದಿನ ಮೊದಲಿಂದಲೇ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು.

ನೀರು ಅಂದರೆ ನೀರೇ! ನಮ್ಮ ಮಂಡ್ಯ, ಮದ್ದೂರಿನ ಕಡೆ ರೋಗಿಗೆ ‘ಚೆನ್ನಾಗಿ ಕುಡೀರಿ’ ಅಂದರೆ ಮನೆಯವರು ಎಳನೀರು ಕೊಚ್ಚಿಸಿ ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಈ ವಾರಗಳಲ್ಲಿ ಅದೇ ಬೇಡವಾದದ್ದು. ಹುಳುಕಡ್ಡಿಗೆಂದು ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಇಟ್ರಾಕೊನಜೋಲ್ ಕೂಡ ಕೂಡದು. ಅದು ಯಕೃತ್ತಿನಲ್ಲಿ ವೆನೆಟೊಕ್ಲಾಕ್ಸ್ ಒಡೆದು ಕಡಿಮೆಯಾಗುವುದನ್ನು ತಡೆಯುತ್ತದೆ, 20 ಮಿಲಿಗ್ರಾಂ ನುಂಗಿದರೂ ರಕ್ತದಲ್ಲಿ ಅದರ ಹಲವು ಪಟ್ಟು ಪರಿಣಾಮ.