ಲೀಪ್ ವರ್ಷದ ಕಿಟಕಿ

ಮನೆ ಕಟ್ಟಿಸುವವರು ಕಿಟಕಿ ಎಷ್ಟಿರಬೇಕೆಂದು ಗಾಳಿ ಬೆಳಕು ನೋಡಿ, ಇಲ್ಲವೇ ಮರದ ರೇಟು ಕೇಳಿ ತೀರ್ಮಾನಿಸುತ್ತಾರೆ. ದಕ್ಷಿಣ ಪೋಲೆಂಡಿನ ಉಯಾಜ್ದ್ ಎಂಬ ಪುಟ್ಟ ಹಳ್ಳಿಯ ಕೋಟೆಯಲ್ಲಿ ಮಾತ್ರ ಕ್ಯಾಲೆಂಡರ್ ನೋಡಿ ತೀರ್ಮಾನಿಸಿದರಂತೆ. ಋತುವಿಗೊಂದರಂತೆ 4 ಗೋಪುರ, ತಿಂಗಳಿಗೊಂದರಂತೆ 12 ಸಭಾಂಗಣ, ವಾರಕ್ಕೊಂದರಂತೆ 52 ಕೋಣೆ, ದಿನಕ್ಕೊಂದರಂತೆ 365 ಕಿಟಕಿ. ಇವಲ್ಲದೆ ಇನ್ನೊಂದು ಕಿಟಕಿ. ಅದನ್ನು ಇಟ್ಟಿಗೆಯಿಂದ ಮುಚ್ಚಿಟ್ಟು ಲೀಪ್ ವರ್ಷ ಬಂದಾಗ ಒಡೆದು ತೆಗೆಯುತ್ತಿದ್ದರಂತೆ. ಚಾಂದ್ರಮಾನ ಪಂಚಾಂಗ ಹಿಡಿದು ಕಟ್ಟಿದ್ದರೆ ಅಧಿಕ ಮಾಸಕ್ಕೆಂದು ಇಡೀ ಒಂದು ಸಭಾಂಗಣಕ್ಕೇ ಬೀಗ ಜಡಿದಿಡಬೇಕಿತ್ತು. ಒಂದು ಕಿಟಕಿಯಲ್ಲಿ ಮುಗಿದದ್ದು ಅಗ್ಗವೇ.

ಕೋಟೆಯ ಹೆಸರು ಕ್ಷಿಶ್‌ತೋಪುರ್. ಕಿವಿಗೆ ಯಾವುದೋ ಪುರದಂತೆ ಕೇಳಿಸಿದರೂ ‘ಕ್ಷಿಶ್’ ಎಂದರೆ ಶಿಲುಬೆ, ‘ತೋಪುರ್’ ಎಂದರೆ ಕೊಡಲಿ. ಶಿಲುಬೆ ಭಕ್ತಿಗೆ, ಕೊಡಲಿ ಕಟ್ಟಿಸಿದ ಒಸ್ಸೊಲಿನ್‌ಸ್ಕಿ ಮನೆತನದ ಲಾಂಛನ. ಎರಡನ್ನೂ ಹೆಬ್ಬಾಗಿಲ ಮೇಲೆ ಆಳೆತ್ತರಕ್ಕಿಂತ ದೊಡ್ಡದಾಗಿ ಕಡೆದಿಟ್ಟಿದ್ದಾರೆ. ಹೊರಗೆ ಐದು ಕೊತ್ತಲಗಳ ಪಂಚಕೋನ, ಒಳಗೆ ಅಂಡಾಕಾರದ ಅಂಗಳ. ಹೊರಗಿನವರಿಗೆ ಕೋಟೆ, ಒಳಗಿನವರಿಗೆ ಅರಮನೆ. ಹಿಂಬದಿಯ ಎಂಟು ಮೂಲೆಯ ಗೋಪುರದ ಬುಡದಲ್ಲಿ ನೀರಿನ ಊಟೆಯಿದೆ. ಮೇಲಿನ ಕೋಣೆಯ ಚಾವಣಿಯೇ ಮೀನು ಈಜುವ ಗಾಜಿನ ತೊಟ್ಟಿಯಾಗಿತ್ತು, ಕುದುರೆಗಳಿಗೂ ಕನ್ನಡಿ ಇಟ್ಟಿದ್ದರು ಎಂಬ ಮಾತುಗಳನ್ನು ಕೇಳಿ ಖುಷಿಪಡಬಹುದು, ಸಾಕ್ಷಿ ಕೇಳಬಾರದು.

ಮನೆ ಕಟ್ಟಿ ನೋಡು ಎಂಬ ಗಾದೆಯನ್ನು ಕ್ಷಿಶ್ತೊಫ್ ಒಸ್ಸೊಲಿನ್‌ಸ್ಕಿ ಪೂರ್ತಿ ಅನುಭವಿಸಿದ. ಕಟ್ಟಡ ಮುಗಿದದ್ದು 1644ರಲ್ಲಿ, ಅವನು ತೀರಿಕೊಂಡದ್ದು 1645ರಲ್ಲಿ. 1644 ಲೀಪ್ ವರ್ಷವೇ ಆದ್ದರಿಂದ ಆ ಹೆಚ್ಚುವರಿ ಕಿಟಕಿಯನ್ನಾದರೂ ಕಂಡಿರಬೇಕು. ಮಗ 1649ರಲ್ಲಿ ಜ್ಬೊರೂಫ್ ಯುದ್ಧದಲ್ಲಿ ಮಡಿದ. 1655ರಲ್ಲಿ ಸ್ವೀಡನ್ನಿನ ಸೈನ್ಯ ಬಂದು ಒಳಗಿದ್ದುದನ್ನೆಲ್ಲ ದೋಚಿತು. ಅಲ್ಲಿಗೆ ಲೀಪ್ ಕಿಟಕಿಗೆ ಸಿಕ್ಕ ಸರದಿ ಮೂರೇ: 1644, 1648, 1652. ಆಮೇಲೆ ಬಂದ ಯಜಮಾನರು ಒಂದಷ್ಟು ಭಾಗದಲ್ಲಿ ಬದುಕಿದರು. 1770ರ ಕಾದಾಟದ ನಂತರ ಅದೂ ಇಲ್ಲ.

ಕೋಟೆ ಹಾಳಾಗುವುದು ಫಿರಂಗಿಯಿಂದ ಎಂದುಕೊಳ್ಳುತ್ತೇವೆ. ಸ್ವೀಡನ್ನಿನವರು ಗೋಡೆಗಳನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟುಹೋಗಿದ್ದರು. ಅಂಥ ಗೋಡೆಗೆ ನಿಜವಾದ ಶತ್ರು ಸೂರಿಲ್ಲದ ನೆತ್ತಿ. ಮಳೆನೀರು ಗೋಡೆಯ ತಲೆಯಿಂದ ಒಳಗಿಳಿಯುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಗಾರೆಯನ್ನು ಸೀಳುತ್ತದೆ. ಬೇಸಿಗೆಯಲ್ಲಿ ಆ ಸೀಳಿನಲ್ಲಿ ಗಿಡ ಬೇರೂರುತ್ತದೆ. ಕಿಟಕಿಯ ಮೇಲಿನ ಮರದ ತೊಲೆ ಕೊಳೆತರೆ ಅದರ ಮೇಲಿನ ಕಲ್ಲು ತ್ರಿಕೋನಾಕಾರದಲ್ಲಿ ಕಳಚಿಬೀಳುತ್ತದೆ. ಕಮಾನಿದ್ದರೆ ಇನ್ನೂ ಸ್ವಲ್ಪ ಕಾಲ ತಾಳುತ್ತದೆ. ರಿಪೇರಿಗೆ ಸಿಮೆಂಟ್ ಮೆತ್ತಿದರೆ ಕೆಲಸ ಕೆಟ್ಟಿತು: ಅದು ಹಳೆಯ ಗಾರೆಗಿಂತ ಗಡುಸು, ಒಳಗಿನ ತೇವವನ್ನು ಹೊರಬಿಡುವುದಿಲ್ಲ, ಪಕ್ಕದ ಕಲ್ಲೇ ಪುಡಿಯಾಗುತ್ತದೆ. ಬೇರು ಕಿತ್ತು, ಸಡಿಲ ಕಲ್ಲು ಎತ್ತಿ, ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳಿನ ಗಾರೆಯಲ್ಲಿ ಮತ್ತೆ ಕೂರಿಸಬೇಕು. ನೀರು ಜಾರುವಂತೆ ನೆತ್ತಿಗೆ ಇಳಿಜಾರು ಕೊಡಬೇಕು. ಹಿಮ ಬೀಳುವ ತಿಂಗಳಲ್ಲಿ ಸುಣ್ಣದ ಗಾರೆ ಹಾಕುವಂತಿಲ್ಲ, ಹಸಿಯಾಗಿರುವಾಗಲೇ ಹೆಪ್ಪುಗಟ್ಟಿ ಉದುರಿಹೋಗುತ್ತದೆ.

ಇಷ್ಟಾದರೂ ಎತ್ತರದ ಗೋಡೆಗಳು ಬಹಳಷ್ಟು ನಿಂತಿವೆ, ಶಿಲುಬೆ ಕೊಡಲಿಗಳೂ ಇವೆ. 365ರ ಲೆಕ್ಕ ಪರೀಕ್ಷಿಸಹೊರಟವರಿಗೆ ಮಾತ್ರ ತಲೆನೋವು. ಅಡಿಗಟ್ಟು ಕುಸಿದ ಕಿಟಕಿ ಬಾಗಿಲಾಗಿದೆ, ತೊಲೆ ಉದುರಿದೆಡೆ ಮೇಲಿನದೂ ಕೆಳಗಿನದೂ ಸೇರಿ ಒಂದೇ ಕಂಡಿ. ಯಾವುದನ್ನು ಎಣಿಸುವುದು, ಯಾವುದನ್ನು ಬಿಡುವುದು?