ಪ್ರೇರಣೆ ತುಂಬುವವರಲ್ಲಿ ಒಂದು ಮನವಿ

ಶಿಕ್ಷಕರಿಗೆ ಪ್ರೇರಣೆ ತುಂಬುವ ಶಿಬಿರಗಳೆಂದರೆ ನನಗೆ ಮೈಯೆಲ್ಲ ಉರಿ. ಸೂಟು ತೊಟ್ಟವರೊಬ್ಬರು ಬಂದು, ತಾನು ಕರಗಿ ಬೆಳಕು ಕೊಡುವ ಮೇಣದಬತ್ತಿಯ ಕಥೆ ಹೇಳುತ್ತಾರೆ. ನಾವು ಎದ್ದು ನಿಂತು ಚಪ್ಪಾಳೆ ತಟ್ಟಬೇಕು. ಕರಗುವುದೇ ನಿಮ್ಮ ಕೆಲಸವಾದರೆ ಸಂಬಳದ ಮಾತೇಕೆ ಎಂಬ ಧ್ವನಿ ಆ ಕಥೆಯೊಳಗೇ ಇದೆ, ಗಮನಿಸಿದ್ದೀರಾ?

ಹಾಗಾಗಿ ಸಂಬಳದ ಮಾತನ್ನೇ ಮೊದಲು ಆಡಿಬಿಡುತ್ತೇನೆ. ಮಹಾರಾಷ್ಟ್ರದ ಅನುದಾನಿತ ಪ್ರೌಢಶಾಲೆಗೆ ಸೇರಿದವರು ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’ರು, ಎಂದರೆ ಪೂರ್ಣ ಸಂಬಳವಿಲ್ಲದೆ ಗೌರವಧನಕ್ಕೆ ದುಡಿಯುವವರು. 2023ರವರೆಗೆ ಅವರ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 8,000 ರೂಪಾಯಿ; ಹೈಕೋರ್ಟ್ ಹೇಳಿದ ಮೇಲೆ ಅದು 18,000 ಆಯಿತು. ಮುಂಬಯಿಯಾಚೆಯ ನಾಲಾಸೋಪಾರಾದಲ್ಲಿ ಬಾಡಿಗೆ ಕಟ್ಟಿ, ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಬರುವವರ ಮುಂದೆ ಸೇವಾಭಾವದ ಉಪದೇಶ ಬೇಡ. ಸಂಬಳ ಸರಿಯಿದ್ದರೆ ಶಿಕ್ಷಕರು ಕೆಲಸ ಬಿಡುವುದಿಲ್ಲ. ತರಗತಿಗೆ ಹುರುಪಿನಿಂದ ಕಾಲಿಡುವಂತೆ ಮಾಡುವುದು ಮಾತ್ರ ಬೇರೆಯೇ ಸಂಗತಿ.

ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಹತ್ತನೇ ತರಗತಿಗೆ ಗಣಿತ ಹೇಳಿಕೊಡುವವಳು ನಾನು. ಪಠ್ಯಪುಸ್ತಕವನ್ನು ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಕನ್ನಡದಲ್ಲೇ ಅಚ್ಚು ಹಾಕುತ್ತದೆ. ಆದರೆ ಮರಾಠಿ, ಇಂಗ್ಲಿಷ್ ಮಾಧ್ಯಮದವರಿಗೆ ಅಂಗಡಿ ತುಂಬ ಸಿಗುವಂಥ ಗೈಡುಗಳು ನಮ್ಮ ಮಕ್ಕಳಿಗಿಲ್ಲ. ಬೀಜಗಣಿತದ 40, ರೇಖಾಗಣಿತದ 40 ಅಂಕಗಳಿಗೆ ಅಭ್ಯಾಸದ ಪ್ರಶ್ನೆಪತ್ರಿಕೆಗಳನ್ನು ನಾವೇ ಕುಳಿತು ತಯಾರಿಸಬೇಕು. ಇದು ಗೋಳಲ್ಲ, ನನಗೆ ಕೆಲಸದ ರುಚಿ ಹತ್ತಿದ್ದೇ ಇಲ್ಲಿ. ಯಾರು ಎಲ್ಲಿ ಎಡವುತ್ತಾರೆಂದು ಮೊದಲೇ ಊಹಿಸಿ, ಅಲ್ಲೇ ಒಂದು ಸಣ್ಣ ಉಪಪ್ರಶ್ನೆ ಇಟ್ಟು ದಾಟಿಸುವ ಖುಷಿಯೇ ಬೇರೆ.

ಕಳೆದ ವರ್ಷ ಪೈಥಾಗೊರಸ್ ಪ್ರಮೇಯವನ್ನು ಸಮರೂಪ ತ್ರಿಭುಜಗಳಿಂದ ಸಾಧಿಸುತ್ತಿದ್ದೆ. ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ ಲಂಬ ಎಳೆದೆ. ಯಾದಗಿರಿಯ ಕಡೆಯಿಂದ ಬಂದು ರಸ್ತೆ ಕೂಡುವ ನಾಕಾದಲ್ಲಿ ಕೂಲಿಗೆ ನಿಲ್ಲುವವರ ಮಗಳೊಬ್ಬಳು ಎದ್ದು ಕೇಳಿದಳು: ‘ಟೀಚರ್, ಚಿತ್ರದಲ್ಲಿ ಇಲ್ಲದ ಈ ಗೆರೆಯನ್ನು ಎಳೆಯಬೇಕೆಂದು ಹೊಳೆಯುವುದು ಹೇಗೆ?’ ಉಳಿದ ಅವಧಿಯೆಲ್ಲ ಅದಕ್ಕೇ ಹೋಯಿತು. ಒಬ್ಬೊಬ್ಬರೂ ಬಂದು ಒಂದೊಂದು ಗೆರೆ ಎಳೆದರು. ಮಧ್ಯರೇಖೆ ಎಳೆದ ಹುಡುಗನಿಗೆ ಎರಡು ಸಮದ್ವಿಬಾಹು ತ್ರಿಭುಜಗಳು ಸಿಕ್ಕವು, ಪ್ರಮೇಯ ಸಿಗಲಿಲ್ಲ. ಆದರೂ ಅವನ ಮುಖ ನೋಡಬೇಕಿತ್ತು! ಪಾಠ ಒಂದು ದಿನ ಹಿಂದೆ ಬಿತ್ತು. ಮುಖ್ಯೋಪಾಧ್ಯಾಯರು ಟಿಪ್ಪಣಿ ಪುಸ್ತಕಕ್ಕೆ ಸಹಿ ಹಾಕಿದರು, ಕಾರಣ ಕೇಳಲಿಲ್ಲ. ಶಿಕ್ಷಕರ ದಿನದ ಶಾಲು, ಹಾರಗಳಿಗಿಂತ ನನಗೆ ಆ ಸಹಿ ದೊಡ್ಡದು.

ಇಂಥ ಹುರುಪನ್ನು ಹಿಂಡುವುದು ಪಟಸಂಖ್ಯೆಯ, ಅಂದರೆ ಶಾಲೆಗೆ ದಾಖಲಾದ ಮಕ್ಕಳ ಲೆಕ್ಕದ ಭಯ. ಜೂನ್ ಬಂತೆಂದರೆ ಮಕ್ಕಳನ್ನು ಹುಡುಕಿಕೊಂಡು ಚಾಳು ಚಾಳು, ವಠಾರ ವಠಾರ ಅಲೆಯುತ್ತೇವೆ. ಸಂಖ್ಯೆ ಇಳಿದರೆ ಹುದ್ದೆ ಹೋಗುತ್ತದೆ, ‘ಹೆಚ್ಚುವರಿ’ ಎಂಬ ಹಣೆಪಟ್ಟಿ ಬೀಳುತ್ತದೆ. ತಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ಮಹನೀಯರು ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡ ಶಾಲೆ ಉಳಿಸಿ ಎಂದು ಗುಡುಗುವಾಗ ನಾನು ಸುಮ್ಮನೆ ಉಪ್ಪಿಟ್ಟು ತಿನ್ನುತ್ತಿರುತ್ತೇನೆ. ನಮ್ಮನ್ನು ಚುನಾವಣೆ, ಜನಗಣತಿಯ ಕೆಲಸಕ್ಕೆ ಎಳೆಯಲಂತೂ ಕಾನೂನೇ ದಾರಿ ಬಿಟ್ಟಿದೆ. ಅದು ಹಾಗಿರಲಿ.

ಮುಂದಿನ ಶಿಬಿರಕ್ಕೆ ಭಾಷಣಕಾರರು ಬೇಡ. ಮುಂಬಯಿಯ ಕನ್ನಡ ಮಾಧ್ಯಮದ ಗಣಿತ ಶಿಕ್ಷಕರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ. ಎಲ್ಲರೂ ತಾವು ತಯಾರಿಸಿದ ಪ್ರಶ್ನೆಪತ್ರಿಕೆಗಳನ್ನು ತರಲಿ. ಒಬ್ಬರದನ್ನೊಬ್ಬರು ತಿದ್ದಲಿ, ಬೇಕಿದ್ದರೆ ಜಗಳವಾಡಲಿ. ಚಹಾದ ಖರ್ಚು ನಮ್ಮದೇ. ಒಂದು ಝೆರಾಕ್ಸ್ ಯಂತ್ರ ಕೊಡಿಸಿದರೆ ಸಾಕು.